ಝರಣಿ ನರಸಿಂಹ: ಒಂದು ಗುಡ್ಡದ ಇತಿಹಾಸ

ಬೀದರದ ಹೆಸರು ಹೇಳಿದೊಡನೆ ನಮ್ಮ ನಾಡಿನ ದಕ್ಷಿಣ ಭಾಗದವರಿಗೆ ನೆನಪಾಗುವ ಸಂಗತಿಗಳು ಮೂರು: ಬಹಮನಿ ಸುಲ್ತಾನರ ಕೋಟೆ, ಮಹಮೂದ್ ಗವಾನನ ಮದರಸಾ, ಬೆಳ್ಳಿಯ ಎಳೆ ಕೂರಿಸಿದ ಕರಿಯ ಬಿದರಿ ಪಾತ್ರೆ. ಮೈಸೂರಿನ ಕಡೆಯ ಮಿತ್ರರೊಬ್ಬರು ಒಮ್ಮೆ ನನ್ನನ್ನು ಕೇಳಿದರು: “ನಿಮ್ಮ ಸೀಮೆಯಲ್ಲಿ ಗುಮ್ಮಟಗಳಲ್ಲದೆ ಪ್ರಾಚೀನವಾದ ದೇವಸ್ಥಾನವೇನಾದರೂ ಉಂಟೆ?” ಕೇಳಿದುದರಲ್ಲಿ ದುರುದ್ದೇಶವೇನೂ ಇರಲಿಲ್ಲ. ಬೇಲೂರು ಹಳೇಬೀಡುಗಳನ್ನು ಕಂಡ ಕಣ್ಣಿಗೆ ದೇವಾಲಯವೆಂದರೆ ಕೆತ್ತಿದ ಕಂಬ, ಭುವನೇಶ್ವರಿ, ಬಾಗಿಲ ಬಳಿ ಒಂದು ಶಾಸನ. ಅಂಥದನ್ನು ನೋಡಬಯಸುವವರು ಹುಮನಾಬಾದ ತಾಲ್ಲೂಕಿನ ಜಲಸಂಗ್ವಿಗೆ ಹೋಗಬೇಕು. ಅಲ್ಲಿಯ ಚಾಲುಕ್ಯ ದೇವಾಲಯದ ಹೊರಗೋಡೆಯ ಮೇಲೆ ಶಿಲೆಯ ತರುಣಿಯೊಬ್ಬಳು ಆರನೆಯ ವಿಕ್ರಮಾದಿತ್ಯನ ಕೀರ್ತಿಯನ್ನು ತನ್ನ ಕೈಯಿಂದಲೇ ಬರೆಯುತ್ತ ನಿಂತಿದ್ದಾಳೆ. ಆದರೆ ಬೀದರ ಪಟ್ಟಣದ ಪುರಾತನ ಕ್ಷೇತ್ರ ಬೇರೆ ಬಗೆಯದು. ಅದು ನೆಲದ ಮೇಲೆ ಇಲ್ಲ, ನೆಲದೊಳಗೆ ಇದೆ. ಅದರ ಗೋಡೆಯಲ್ಲಿ ಕೆತ್ತನೆಯಿಲ್ಲ, ನೆಲವೆಲ್ಲ ನೀರು. ಊರಿನ ಹೊರಗೆ ಮಂಗಲಪೇಟೆಯ ಬಳಿಯ ಝರಣಿ ನರಸಿಂಹ ಗುಹಾಲಯವನ್ನು ಕುರಿತೇ ನಾನು ಹೇಳುತ್ತಿರುವುದು.

ಈ ಕ್ಷೇತ್ರದ ಇತಿಹಾಸವನ್ನು ತಿಳಿಯಬೇಕಾದರೆ ಮೊದಲು ಅದನ್ನು ಹೊತ್ತ ಗುಡ್ಡವನ್ನು ತಿಳಿಯಬೇಕು. ರಾಜರ ವಂಶಾವಳಿಗಿಂತ ಹಿಂದಿನದು ಕಲ್ಲಿನ ವಂಶಾವಳಿ. ಆದ್ದರಿಂದ ಓದುಗರು ಸ್ವಲ್ಪ ಹೊತ್ತು ಸಹನೆಯಿಂದ ನನ್ನೊಡನೆ ಮಣ್ಣು ಕಲ್ಲುಗಳ ಮಾತನ್ನು ಕೇಳಬೇಕೆಂದು ಪ್ರಾರ್ಥನೆ.

ಕೆಂಪು ಕಲ್ಲು, ಕರಿಯ ಕಲ್ಲು

ಬೀದರ ಪಟ್ಟಣ ಸಮುದ್ರಮಟ್ಟದಿಂದ ಸುಮಾರು ೨,೩೦೦ ಅಡಿ ಎತ್ತರದಲ್ಲಿರುವ ಒಂದು ಚಪ್ಪಟೆ ಗುಡ್ಡದ ಅಂಚಿನಲ್ಲಿದೆ. ಈ ಗುಡ್ಡದ ತಲೆ ಕೆಂಪು. ಹಳೆಯ ಮೈಸೂರಿನವರು ಜಂಬಿಟ್ಟಿಗೆ ಕಲ್ಲು ಎನ್ನುವ, ಕರಾವಳಿಯವರು ಮುರಕಲ್ಲು ಎನ್ನುವ ಕಲ್ಲು ಇದು. ೧೮೦೦-೧೮೦೧ರಲ್ಲಿ ನಮ್ಮ ನಾಡನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇದೇ ಜಾತಿಯ ಕಲ್ಲನ್ನು ಮಲಬಾರಿನಲ್ಲಿ ಕಂಡು, ೧೮೦೭ರಲ್ಲಿ ಅಚ್ಚಾದ ತನ್ನ ಪ್ರವಾಸ ಗ್ರಂಥದಲ್ಲಿ ಅದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ಲ್ಯಾಟಿನ್ ಭಾಷೆಯಲ್ಲಿ ಆ ಮಾತಿನ ಮೂಲಕ್ಕೆ ಇಟ್ಟಿಗೆಯೆಂದೇ ಅರ್ಥ. ನಮ್ಮ ‘ಜಂಬಿಟ್ಟಿಗೆ’ಯಲ್ಲಿಯೂ ಇಟ್ಟಿಗೆಯೇ ಇರುವುದನ್ನು ನೋಡಿದರೆ, ವಿದ್ವಾಂಸನ ಕಣ್ಣಿಗೂ ಗಾರೆಯವನ ಕಣ್ಣಿಗೂ ಕಂಡ ಗುಣ ಒಂದೇ ಎಂದು ಸಂತೋಷವಾಗುತ್ತದೆ. ನೆಲದೊಳಗೆ ತೇವವಾಗಿದ್ದಾಗ ಇದನ್ನು ಉಳಿಯಿಂದ, ಗುದ್ದಲಿಯಿಂದ ಕಡಿಯಬಹುದು. ಹೊರಗೆ ತಂದು ಗಾಳಿಗೆ ಬಿಟ್ಟರೆ ಗಟ್ಟಿಯಾಗುತ್ತದೆ. ಕೋಟೆಯ ಪ್ರಸಿದ್ಧವಾದ ಮೂರು ಸಾಲಿನ ಕಂದಕವನ್ನು ಕೊರೆದಿರುವುದು ಇದೇ ಕಲ್ಲಿನಲ್ಲಿ.

ಈ ಕೆಂಪು ಕಲ್ಲಿನ ಇನ್ನೊಂದು ಗುಣ, ಅದು ಜೇನುಗೂಡಿನಂತೆ ತೂತುಗಳಿಂದ ತುಂಬಿರುವುದು. ಮಳೆಯ ನೀರು ಅದರ ಮೇಲೆ ನಿಲ್ಲದೆ ಒಳಕ್ಕೆ ಇಳಿಯುತ್ತದೆ. ಕೆಂಪು ಕಲ್ಲಿನ ಅಡಿಯಲ್ಲಿ ಕರಿಯ ಕಲ್ಲಿದೆ. ಸುಮಾರು ೬ ಕೋಟಿ ೬೦ ಲಕ್ಷ ವರ್ಷಗಳ ಹಿಂದೆ ಭೂಮಿಯೊಡಲಿನಿಂದ ಉಕ್ಕಿ ಹರಿದು ದಖ್ಖನವನ್ನೆಲ್ಲ ಮುಚ್ಚಿದ ಬೆಂಕಿಯ ಕಲ್ಲು ಅದು. ಇಳಿದು ಬಂದ ನೀರಿಗೆ ಈ ಕರಿಯ ಕಲ್ಲೂ ಅದರ ಮೇಲಿನ ಜಿಗುಟು ಮಣ್ಣೂ ಸುಲಭವಾಗಿ ದಾರಿ ಕೊಡುವುದಿಲ್ಲ. ತಡೆದ ನೀರು ಅಡ್ಡಡ್ಡಲಾಗಿ ಹರಿಯುತ್ತ, ಗುಡ್ಡದ ಅಂಚು ಕಡಿದಿರುವಲ್ಲಿ ಹೊರಗೆ ಇಣುಕುತ್ತದೆ. ಜನ ಅದನ್ನು ಝರಣಿ ಎಂದರು, ಝೀರಾ ಎಂದರು, ತೀರ್ಥವೆಂದರು. ಸುತ್ತಲ ಕರಿಮಣ್ಣಿನ ಬಯಲು ಬೇಸಗೆಯಲ್ಲಿ ಬಿರಿದು ಬಾಯಿಬಿಡುವಾಗ ಈ ಗುಡ್ಡದ ಪಕ್ಕೆಯಲ್ಲಿ ತಿಳಿನೀರು ಹರಿಯುತ್ತಿದ್ದರೆ ಅದನ್ನು ಕಂಡವನು ಕೈ ಮುಗಿಯದೆ ಇರುವುದು ಹೇಗೆ?

ಹೆಸರಿನ ಮಾತು

ಬೀದರದ ಹೆಸರಿನ ವಿಷಯದಲ್ಲಿಯೂ ಒಂದೆರಡು ಮಾತು ಹೇಳಬೇಕು. ವಿದುರನಿದ್ದ ಊರು ಆದ್ದರಿಂದ ಬೀದರವಾಯಿತೆಂದು ಕೆಲವರು, ವಿದರ್ಭವೇ ಬೀದರವೆಂದು ಕೆಲವರು. ಪಾರಸಿ ಇತಿಹಾಸಕಾರ ಫರಿಷ್ತಾ ದಮಯಂತಿಯ ತಂದೆಯಾದ ಭೀಮರಾಜನನ್ನು ಬೀದರದ ಅರಸನನ್ನಾಗಿ ಮಾಡಿದ್ದಾನೆ. ಅವನ ಕಾಲಕ್ಕೆ ಅಕ್ಬರನ ಆಸ್ಥಾನದ ಫೈಜಿ ನಳದಮಯಂತಿಯರ ಕಥೆಯನ್ನು ಪಾರಸಿಯಲ್ಲಿ ಕಾವ್ಯವಾಗಿ ಬರೆದಿದ್ದನಷ್ಟೆ. ಕಥೆಗೆ ನೆಲೆಯೊಂದು ಬೇಕಾಗಿತ್ತು, ನೆಲೆಗೆ ಕಥೆಯೊಂದು ಬೇಕಾಗಿತ್ತು. ಕನ್ನಡದ ಮೇಷ್ಟರಾದ ನನಗೆ ಇವೆಲ್ಲಕ್ಕಿಂತ ‘ಬಿದಿರು’ ಎಂಬ ಮಾತೇ ಸಹಜವಾಗಿ ಕಾಣುತ್ತದೆ. ಊರುಗಳಿಗೆ ಗಿಡ ಮರಗಳ ಹೆಸರಿಡುವುದು ಕನ್ನಡಿಗರ ಹಳೆಯ ರೂಢಿ. ಹುಣಸೂರು, ಬೇವೂರು, ಆಲೂರುಗಳಂತೆ ಇದೂ ಒಂದು.

ಆಳಿದವರ ಪಟ್ಟಿ ಉದ್ದವಾದದ್ದು. ಮಾನ್ಯಖೇಟದ ರಾಷ್ಟ್ರಕೂಟರ ಅನಂತರ ಈ ನೆಲ ಚಾಲುಕ್ಯರದಾಯಿತು. ೧೧ನೆಯ ಶತಮಾನದಲ್ಲಿ ಒಂದನೆಯ ಸೋಮೇಶ್ವರನು ರಾಜಧಾನಿಯನ್ನು ಕಲ್ಯಾಣಕ್ಕೆ ತಂದ ಮೇಲೆ ಬೀದರದ ಸೀಮೆ ಸಾಮ್ರಾಜ್ಯದ ಅಂಗಳವೇ ಆಯಿತು. ೧೦೭೬ರಿಂದ ೧೧೨೬ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ ವಿಜ್ಞಾನೇಶ್ವರನು ‘ಮಿತಾಕ್ಷರಾ’ವನ್ನು, ಕಾಶ್ಮೀರದಿಂದ ಬಂದ ಬಿಲ್ಹಣನು ‘ವಿಕ್ರಮಾಂಕದೇವಚರಿತ’ವನ್ನು ಬರೆದರು. ಮುಂದೆ ಬಿಜ್ಜಳನ ಕಾಲ, ಶರಣರ ಕಾಲ. ಅದು ಕಳೆದ ಮೇಲೆ ಪಶ್ಚಿಮದಿಂದ ದೇವಗಿರಿಯ ಯಾದವರೂ ಪೂರ್ವದಿಂದ ಓರಂಗಲ್ಲಿನ ಕಾಕತೀಯರೂ ಈ ಗುಡ್ಡದ ಮೇಲೆ ಕಣ್ಣಿಟ್ಟರು. ಕಾಕತೀಯ ರುದ್ರಮದೇವಿಯ ಸಾಮಂತನಾದ ಸಿಂದ ಕುಲದ ಭೈರವನ ಶಾಸನವು ಬೀದರ ಕೋಟೆಯಲ್ಲಿಯೇ ದೊರೆತಿದೆ. ಅಂದಮೇಲೆ ಬಹಮನಿಗಳು ಬರುವುದಕ್ಕೆ ಮೊದಲೇ ಈ ಗುಡ್ಡ ಹೋರಾಡಿ ಪಡೆಯತಕ್ಕ ಸ್ಥಾನವಾಗಿತ್ತು. ೧೪ನೆಯ ಶತಮಾನದಲ್ಲಿ ದಿಲ್ಲಿಯ ಸೈನ್ಯ ಓರಂಗಲ್ಲಿಗೆ ಹೋಗುವ ದಾರಿಯಲ್ಲಿ ಅದನ್ನು ಹಿಡಿಯಿತು.

೧೪೨೨ರಲ್ಲಿ ಪಟ್ಟವೇರಿದ ಅಹಮದ್ ಶಾಹನು ಕೆಲವೇ ವರ್ಷಗಳಲ್ಲಿ ಕಲಬುರಗಿಯನ್ನು ಬಿಟ್ಟು ಬೀದರವನ್ನು ರಾಜಧಾನಿಯಾಗಿ ಆರಿಸಿದ. ೧೪೩೨ರ ಹೊತ್ತಿಗೆ ಕೋಟೆ ಎದ್ದು ನಿಂತಿತು. ಬೇಟೆಗೆ ಹೋದಾಗ ಸಣ್ಣ ಪ್ರಾಣಿಯೊಂದು ನಾಯಿಯನ್ನು ಎದುರಿಸಿ ನಿಂತುದನ್ನು ಕಂಡು ಅರಸನು ಈ ಸ್ಥಳವನ್ನು ಮೆಚ್ಚಿದನೆಂದು ಕಥೆಯುಂಟು. ವಿಜಯನಗರದವರೂ ತಮ್ಮ ಪಟ್ಟಣಕ್ಕೆ ಇದೇ ಕಥೆ ಹೇಳುತ್ತಾರೆ. ಎರಡು ಶತ್ರುರಾಜ್ಯಗಳು ಒಂದೇ ಮೊಲವನ್ನು ಹಂಚಿಕೊಂಡಂತಾಯಿತು! ಎತ್ತರದ ನೆಲ, ತಂಪು ಗಾಳಿ, ರಾಜ್ಯದ ನಡುವಣ ಸ್ಥಾನ — ಇವು ಕಾರಣಗಳೆಂದು ಎಲ್ಲರೂ ಒಪ್ಪುತ್ತಾರೆ. ಇವುಗಳೊಡನೆ ನೀರನ್ನೂ ಸೇರಿಸಿ ಹೇಳಬೇಕು. ಗುಡ್ಡದ ತುದಿಯಲ್ಲಿ ರಾಜಧಾನಿ ಕಟ್ಟಿ ಕುಡಿಯಲು ನೀರಿಲ್ಲದಿದ್ದರೆ ಕಂದಕ ಎಷ್ಟು ಆಳವಿದ್ದರೇನು?

ಗುಹೆಯೊಳಗೆ

ನಾನು ಝರಣಿಗೆ ಹೋದದ್ದು ಕೆಲವು ವರ್ಷಗಳ ಹಿಂದಿನ ಒಂದು ಮಾಘಮಾಸದ ಬೆಳಿಗ್ಗೆ, ಕಾಲೇಜಿನ ಐದಾರು ವಿದ್ಯಾರ್ಥಿಗಳೊಡನೆ. ಬಟ್ಟೆ ಬದಲಿಸಿ ಧೋತರವನ್ನು ಮೇಲೆ ಕಟ್ಟಿ ಸಾಲಿನಲ್ಲಿ ನಿಂತೆವು. ಮುಂದೆ ಮೊಮ್ಮಗುವನ್ನು ಹೆಗಲಮೇಲೆ ಕೂರಿಸಿಕೊಂಡ ಮುದುಕಿಯೊಬ್ಬಳಿದ್ದಳು. ಔರಾದ ಕಡೆಯವಳು. ಮಗನಿಗೆ ಸಂತಾನವಾದರೆ ಮಗುವನ್ನು ತಂದು ತೋರಿಸುತ್ತೇನೆಂದು ಹರಕೆ ಹೊತ್ತಿದ್ದಳಂತೆ. ಸಂತಾನಾಪೇಕ್ಷೆಯಿಂದ ಈ ದೇವರಿಗೆ ನಡೆದುಕೊಳ್ಳುವುದು ಈ ಸೀಮೆಯಲ್ಲಿ ಬಹಳ ಬಳಕೆಯ ಮಾತು.

ಗುಹೆಯ ಬಾಯಿಯಿಂದ ಕೆಲವು ಹೆಜ್ಜೆ ಇಡುವುದರೊಳಗಾಗಿ ನೀರು ಮೊಳಕಾಲು ದಾಟಿತು, ಸೊಂಟಕ್ಕೆ ಬಂತು, ಮುಂದೆ ಎದೆಗೂ ಬಂತು. ಸುರಂಗ ಸುಮಾರು ೩೦೦ ಮೀಟರ್ ಉದ್ದ. ಹೋಗುವವರೂ ಬರುವವರೂ ಒಬ್ಬರಿಗೊಬ್ಬರು ಮೈ ತಾಕಿಸಿಕೊಂಡೇ ಸರಿಯಬೇಕು. ವಿದ್ಯುದ್ದೀಪ ಹಾಕಿದ್ದರೂ ಅದರ ಬೆಳಕು ನೀರಿನ ಮೇಲೆ ಒಡೆದು ಕಣ್ಣಿಗೆ ಮೋಸ ಮಾಡುತ್ತದೆ. ತಲೆಯ ಮೇಲೆ ಬಾವಲಿಗಳು. ನನ್ನ ಕಾಲು ತಡವರಿಸಿದುದನ್ನು ನೋಡಿ ಆ ಮುದುಕಿ ಹಿಂದಿರುಗಿ, “ಅಂಜಬ್ಯಾಡ್ರಿ ಮಾಸ್ತರ. ಕಾಲು ಎತ್ತಬ್ಯಾಡ್ರಿ, ನೆಲಕ್ಕ ಜಾರಿಸ್ಕೋತ ನಡೀರಿ” ಎಂದಳು. ಹಾಗೆ ಹೇಳಿ ತನ್ನ ಮುಂದಿದ್ದ ಸೊಸೆಯನ್ನು ಮರಾಠಿಯಲ್ಲಿ “ಚಲ್ ಗ, ಪುಢೆ ಚಲ್” ಎಂದು ಅವಸರಿಸಿದಳು. ಹಿಂದಿನಿಂದ ತೆಲುಗಿನಲ್ಲಿ ಗೋವಿಂದನಾಮ ಕೇಳುತ್ತಿತ್ತು. ಹೊರಗೆ ನಮ್ಮ ಚಪ್ಪಲಿಗಳನ್ನು ಕಾಯುತ್ತಿದ್ದ ಹುಡುಗ ಮಾತಾಡಿದ್ದು ದಖ್ಖನಿ ಉರ್ದು. ಮೂರು ರಾಜ್ಯಗಳ ಗಡಿ ಕೂಡುವ ಜಿಲ್ಲೆಯಲ್ಲಿ ಇದೊಂದು ವಿಶೇಷವೆಂದು ಯಾರಿಗೂ ಅನ್ನಿಸುವುದಿಲ್ಲ.

ಸುರಂಗದ ಕೊನೆಯಲ್ಲಿ ಹತ್ತು ಮಂದಿಯೂ ನಿಲ್ಲಲಾಗದಷ್ಟು ಇಕ್ಕಟ್ಟಾದ ಜಾಗ. ಅಲ್ಲಿ ಬಂಡೆಯಲ್ಲಿಯೇ ಮೂಡಿದನೆಂದು ಭಕ್ತರು ನಂಬುವ ನರಸಿಂಹ, ಅವನ ಬಳಿ ಒಂದು ಶಿವಲಿಂಗ. ದರ್ಶನಕ್ಕೆ ದೊರೆಯುವುದು ಕೆಲವೇ ಕ್ಷಣ. ಹಿಂದಿನವರಿಗೆ ಎಡೆ ಕೊಟ್ಟು ತಿರುಗಬೇಕು. ಮುದುಕಿ ಮೊಮ್ಮಗುವಿನ ತಲೆಯನ್ನು ದೇವರ ಮುಂದೆ ಬಾಗಿಸಿ, ಅದೇ ನೀರನ್ನು ಅದರ ಕಣ್ಣಿಗೆ ಒತ್ತಿದಳು. ಮಗು ಅಳಲಿಲ್ಲ.

ಇಲ್ಲಿ ಒಂದು ಮಾತನ್ನು ಸೇರಿಸುವುದು ಅವಶ್ಯ. ಒಳಗಿನ ಗಾಳಿ, ನೀರಿನ ಮಟ್ಟ, ಸೂರಿನ ಕಲ್ಲಿನ ಸ್ಥಿತಿ ಇವನ್ನು ನೋಡಿ ಪ್ರವೇಶವನ್ನು ನಿಲ್ಲಿಸುವುದೂ ಉಂಟು. ದೂರದಿಂದ ಹೋಗುವವರು ಮುಂಚಿತವಾಗಿ ವಿಚಾರಿಸಿಕೊಂಡೇ ಹೊರಡಬೇಕು. ಉಸಿರಾಟದ ತೊಂದರೆಯುಳ್ಳವರು ಹೊರಗಿನಿಂದಲೇ ಕೈ ಮುಗಿದರೆ ದೇವರು ಬೇಸರಪಡಲಾರ.

ಪುರಾಣ ಹೇಳುವ ಇತಿಹಾಸ

ಸ್ಥಳಪುರಾಣ ಹೀಗಿದೆ. ಈ ಗುಹೆಯಲ್ಲಿ ಜಲಾಸುರನೆಂಬ ರಾಕ್ಷಸನು ಶಿವನನ್ನು ಪೂಜಿಸಿಕೊಂಡಿದ್ದ. ಹಿರಣ್ಯಕಶಿಪುವನ್ನು ಕೊಂದ ಬಳಿಕ ನರಸಿಂಹನು ಇಲ್ಲಿಗೆ ಬಂದು ಅವನನ್ನೂ ಸಂಹರಿಸಿದ. ಸಾಯುವಾಗ ರಾಕ್ಷಸನು ನೀರಾಗಿ ದೇವರ ಪಾದದಿಂದ ಹರಿಯತೊಡಗಿದ. ಅವನು ಪೂಜಿಸಿದ ಲಿಂಗವೂ ಅಲ್ಲಿಯೇ ಉಳಿಯಿತು.

ಇಂಥ ಕಥೆಗಳನ್ನು ಇತಿಹಾಸದ ವಿದ್ಯಾರ್ಥಿಗಳು ಕೇಳಿ ನಕ್ಕು ಮುಂದಕ್ಕೆ ಹೋಗುತ್ತಾರೆ. ನನ್ನ ಅಭಿಪ್ರಾಯದಲ್ಲಿ ನಿಂತು ಕೇಳಬೇಕಾದ ಸಂಗತಿಗಳು ಇದರಲ್ಲಿ ಎರಡಿವೆ. ಮೊದಲನೆಯದು, ಹರಿಹರರ ಸಹವಾಸ. ನರಸಿಂಹನ ಆರಾಧನೆ ನಮ್ಮ ಪೂರ್ವಕ್ಕಿರುವ ತೆಲುಗು ದೇಶದಲ್ಲಿ ಬಹು ಪ್ರಬಲವಾದುದು. ಅಹೋಬಲದಲ್ಲಿಯೂ ಯಾದಗಿರಿಗುಟ್ಟದಲ್ಲಿಯೂ ಅವನು ಗುಹಾವಾಸಿಯೇ. ಶಿವಲಿಂಗದ ಪೂಜೆಯೋ ಈ ನಾಡಿನ ನೆಲಕ್ಕೆ ಹುಟ್ಟಿನಿಂದ ಬಂದದ್ದು. ಎರಡು ಸಂಪ್ರದಾಯಗಳು ಒಂದೆಡೆ ಕೂಡಿದಾಗ ಯಾವುದನ್ನೂ ಹೊರಗೆ ಹಾಕದೆ ಎರಡನ್ನೂ ಉಳಿಸಿಕೊಳ್ಳಲು ಕಥೆಯೊಂದು ಬೇಕಾಯಿತು. ಶಿವಭಕ್ತನಾದ ರಾಕ್ಷಸನಿಗೆ ವಿಷ್ಣುವಿನಿಂದ ಮರಣ, ಮರಣದಿಂದಲೇ ಮುಕ್ತಿ, ಲಿಂಗಕ್ಕೆ ಅಳಿವಿಲ್ಲ. ಗಡಿನಾಡಿನವರು ರಾಜಿಯನ್ನು ಹೀಗೆ ಬರೆದಿಡುತ್ತಾರೆ.

ಎರಡನೆಯದು ಇನ್ನೂ ಸ್ವಾರಸ್ಯವಾದುದು. ಗಂಗೆ ಆಕಾಶದಿಂದ ಇಳಿದಳೆನ್ನುವ ಪುರಾಣ ನಮಗೆಲ್ಲ ಗೊತ್ತು. ಇಲ್ಲಿಯ ಪುರಾಣದಲ್ಲಿ ನೀರು ಮೇಲಿನಿಂದ ಬೀಳುವುದಿಲ್ಲ, ಬಂಡೆಯ ಒಳಗಿದ್ದವನೇ ನೀರಾಗುತ್ತಾನೆ. ಈ ಕಥೆಯನ್ನು ಕಟ್ಟಿದವರು ಗುಡ್ಡವನ್ನು ಚೆನ್ನಾಗಿ ನೋಡಿದ್ದರು. ಈ ನೀರಿನ ನೆಲೆ ಕಲ್ಲಿನೊಳಗಿದೆ ಎಂಬುದನ್ನು ಭೂವಿಜ್ಞಾನದ ಮಾತಿಲ್ಲದೆ ಅವರು ಅರಿತಿದ್ದರು, ಅರಿತುದನ್ನು ಮರೆಯದ ಹಾಗೆ ಹೇಳಿಟ್ಟರು.

ಗುಡ್ಡದ ಇತರ ನೀರುಗಳಿಗೂ ಒಂದೊಂದು ಕಥೆಯಿದೆ. ಪಾಪನಾಶದ ಶಿವಲಿಂಗವನ್ನು ಲಂಕೆಯಿಂದ ಮರಳುವಾಗ ಶ್ರೀರಾಮನು ಸ್ಥಾಪಿಸಿದನೆಂದು ಪ್ರತೀತಿ. ಅದರ ಬಳಿಯ ಕೊಳದಲ್ಲಿ ಮಿಂದರೆ ಪಾಪ ತೊಳೆಯುತ್ತದೆಂದು ಶಿವರಾತ್ರಿಯಲ್ಲಿ ಜನ ಸಾಗರದಂತೆ ಸೇರುತ್ತದೆ. ಇನ್ನೊಂದು ಕಡೆ ನಾನಕ ಝೀರಾ. ೧೬ನೆಯ ಶತಮಾನದ ಆರಂಭದಲ್ಲಿ ಗುರು ನಾನಕರು ದಕ್ಷಿಣಕ್ಕೆ ಬಂದಾಗ, ಇಲ್ಲಿಯ ಜನ ಸಿಹಿನೀರಿಲ್ಲವೆಂದು ಮೊರೆಯಿಟ್ಟರೆಂದೂ ಗುರುಗಳು ಪಾದದಿಂದ ಕಲ್ಲನ್ನು ಸರಿಸಿದಾಗ ಚಿಲುಮೆ ಉಕ್ಕಿತೆಂದೂ ಸಿಖ್ಖರು ಹೇಳುತ್ತಾರೆ. ಗುರುದ್ವಾರ ಕಟ್ಟಿದ್ದು ೧೯೪೮ರಲ್ಲಿ. ೧೬೯೯ರಲ್ಲಿ ಗುರು ಗೋವಿಂದಸಿಂಹರು ಖಾಲ್ಸಾ ಪಂಥವನ್ನು ಸ್ಥಾಪಿಸಿದಾಗ ತಲೆ ಕೊಡಲು ಮುಂದೆ ಬಂದ ಐವರು ಪ್ರಿಯರಲ್ಲಿ ಸಾಹಿಬ್ ಸಿಂಹನು ಬೀದರದವನೆಂಬುದನ್ನು ನಮ್ಮ ಜನ ಅಭಿಮಾನದಿಂದ ನೆನೆಯುತ್ತಾರೆ. ಒಂದು ಕಥೆ ಸತ್ತವನನ್ನು ನೆನೆಯುತ್ತದೆ, ಒಂದು ಹಾದುಹೋದವನನ್ನು, ಮತ್ತೊಂದು ಕರುಣೆ ತೋರಿದವನನ್ನು. ಮೂರರಲ್ಲಿಯೂ ಹರಿಯುವುದು ಅದೇ ಕೆಂಗಲ್ಲಿನ ಅಡಿಯ ನೀರು.

ಸುಲ್ತಾನರ ಸುರಂಗ

ಈ ನೀರಿನ ನಾಲ್ಕನೆಯ ಅಧ್ಯಾಯವನ್ನು ಬರೆದವರು ಬಹಮನಿಗಳ ಕಾಲದ ಕೆಲಸಗಾರರು. ಇರಾನಿನಲ್ಲಿ ‘ಕನಾತ್’ ಅಥವಾ ‘ಕಾರೇಜ್’ ಎಂಬ ಒಂದು ಪ್ರಾಚೀನ ವಿದ್ಯೆಯಿದೆ. ಎತ್ತರದ ನೆಲದಲ್ಲಿ ನೀರಿನ ಪದರವನ್ನು ಹುಡುಕಿ, ಅಲ್ಲಿಂದ ತಗ್ಗಿನ ಊರಿನವರೆಗೆ ನೆಲದೊಳಗೆ ಸ್ವಲ್ಪವೇ ಇಳಿಜಾರಾಗಿ ಸುರಂಗ ತೋಡುವುದು; ದಾರಿಯುದ್ದಕ್ಕೂ ಗಾಳಿಗೂ ಹೂಳೆತ್ತುವುದಕ್ಕೂ ನೇರ ಬಾವಿಗಳನ್ನು ಇಳಿಸುವುದು. ಏತ ಬೇಡ, ಕಪಿಲೆ ಬೇಡ. ನೀರು ತನ್ನ ಭಾರದಿಂದ ತಾನೇ ನಡೆದುಬರುತ್ತದೆ, ಬಿಸಿಲಿಗೆ ಆರುವುದಿಲ್ಲ. ಇರಾನಿನ ಹನ್ನೊಂದು ಕನಾತ್‌ಗಳು ೨೦೧೬ರಲ್ಲಿ ಯುನೆಸ್ಕೋ ಸಂಸ್ಥೆಯ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಬೀದರದ ನೌಬಾದಿನಲ್ಲಿ ಇದೇ ಬಗೆಯ ಕಾಲುವೆಯುಂಟು. ನಮ್ಮವರು ಇದನ್ನು ಸುರಂಗ ಬಾವಿ ಎನ್ನುತ್ತಾರೆ. ಎರಡು ಕಿಲೋಮೀಟರಿಗೂ ಹೆಚ್ಚು ಉದ್ದವಾದ ಇದರ ಮೇಲೆ ಇಪ್ಪತ್ತೊಂದು ಬಾವಿಗಳನ್ನು ಗುರುತಿಸಿದ್ದಾರೆ. ಬಹುಕಾಲ ಕಸ ತುಂಬಿ ಮರೆತುಹೋಗಿದ್ದ ಇದನ್ನು ಈ ಶತಮಾನದ ಎರಡನೆಯ ದಶಕದಲ್ಲಿ ಹೂಳು ತೆಗೆದು ಮತ್ತೆ ಬೆಳಕಿಗೆ ತಂದರು.

ಗವಾನನ ಕಾಲಕ್ಕೆ ಇರಾನಿನಿಂದ ವಿದ್ವಾಂಸರೂ ಶಿಲ್ಪಿಗಳೂ ಬೀದರಕ್ಕೆ ಬರುತ್ತಿದ್ದರು. ಅವನು ೧೪೭೨ರಲ್ಲಿ ಕಟ್ಟಿಸಿದ ಮದರಸಾದ ಬಣ್ಣದ ಹೆಂಚುಗಳನ್ನು ನೋಡಿದರೆ ಇದು ತಿಳಿಯುತ್ತದೆ. ಆದ್ದರಿಂದ ಕಾರೇಜಿನ ವಿದ್ಯೆ ಅಲ್ಲಿಂದ ಬಂದುದರಲ್ಲಿ ಆಶ್ಚರ್ಯವಿಲ್ಲ. ಆದರೆ ವಿದ್ಯೆಯೊಂದು ಪರದೇಶದಿಂದ ಬಂದು ಬೇರೂರಬೇಕಾದರೆ ಅದಕ್ಕೆ ಒಗ್ಗುವ ನೆಲವೂ ನೆಲದ ಗುಟ್ಟು ಬಲ್ಲ ಜನರೂ ಬೇಕು. ಗುಡ್ಡದ ಹೊಟ್ಟೆಯಲ್ಲಿ ನೀರಿದೆ, ಅಡ್ಡಲಾಗಿ ಕೊರೆದರೆ ಅದು ಕೈಗೆ ಸಿಗುತ್ತದೆ ಎಂಬುದಕ್ಕೆ ಝರಣಿ ನರಸಿಂಹನ ಸುರಂಗಕ್ಕಿಂತ ಒಳ್ಳೆಯ ಸಾಕ್ಷಿ ಯಾವುದು? ಮೊದಲು ಚಿಲುಮೆ, ಅನಂತರ ಭಕ್ತಿ, ಅನಂತರ ಉಳಿ — ಗುಹೆ ಈಗಿನ ರೂಪಕ್ಕೆ ಬಂದದ್ದು ಈ ಕ್ರಮದಲ್ಲಿ ಎಂದು ನನ್ನ ಊಹೆ. ನೀರು ಸವೆಸಿದ ಸಣ್ಣ ಬಿರುಕನ್ನು ಮನುಷ್ಯರ ಕೈ ತಲೆತಲಾಂತರದಿಂದ ಅಗಲ ಮಾಡಿರಬೇಕು. ಮೆತ್ತನೆಯ ಕೆಂಗಲ್ಲಿನಲ್ಲಿ ಅದು ಕಷ್ಟದ ಕೆಲಸವಲ್ಲ. ಹಾಗಾದರೆ ದೇವಸ್ಥಾನದ ಸುರಂಗವೂ ಸುಲ್ತಾನನ ಸುರಂಗವೂ ಒಂದೇ ಗುಡ್ಡಕ್ಕೆ ಬೇರೆ ಬೇರೆ ಜನ ಹಾಕಿದ ಒಂದೇ ಪ್ರಶ್ನೆಯ ಎರಡು ಉತ್ತರಗಳು.

ಬೀದರದ ಇತಿಹಾಸವನ್ನು ಹಿಂದೂಗಳದೆಂದೂ ಮುಸಲ್ಮಾನರದೆಂದೂ ಎರಡು ಹೋಳು ಮಾಡಿ ಹಂಚಬಯಸುವವರು ಈ ಸುರಂಗಗಳ ಮುಂದೆ ಸ್ವಲ್ಪ ನಿಲ್ಲಬೇಕು. ಅಲ್ಲಿಂದ ಅಷ್ಟೂರಿಗೂ ಹೋಗಬೇಕು. ೧೪೩೬ರಲ್ಲಿ ತೀರಿಕೊಂಡ ಅಹಮದ್ ಶಾಹನ ಗೋರಿಯ ಉರುಸು ಅಲ್ಲಿ ನಡೆಯುವುದು ಹೋಳಿ ಹುಣ್ಣಿಮೆಯಿಂದ ದಿನ ಎಣಿಸಿ. ಕಲಬುರಗಿ ಜಿಲ್ಲೆಯ ಮಾಡ್ಯಾಳದಿಂದ ಜಂಗಮರು ಮೆರವಣಿಗೆಯಲ್ಲಿ ಬರದೆ ಅದು ಸಾಗುವುದಿಲ್ಲ. ಲಿಂಗಾಯತ ಭಕ್ತರು ಆ ಸುಲ್ತಾನನನ್ನು ಅಲ್ಲಮಪ್ರಭುವೆಂದು ಕರೆಯುತ್ತಾರೆ. ಹೈದರಾಬಾದು ಸಂಸ್ಥಾನದ ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಗುಲಾಮ್ ಯಜ್ದಾನಿಯವರು ೧೯೪೭ರಲ್ಲಿ ಬೀದರವನ್ನು ಕುರಿತ ತಮ್ಮ ದೊಡ್ಡ ಗ್ರಂಥವನ್ನು ಹೊರತಂದರು. ಅಂಥ ಗ್ರಂಥಕ್ಕೆ ಕೋಟೆಯ ಕಲ್ಲು ಕಲ್ಲೂ ಸಾಮಗ್ರಿ. ಜನ ಬಾಯಿಯಲ್ಲಿ ಇಟ್ಟುಕೊಂಡ ಇತಿಹಾಸಕ್ಕೆ ಅಂಥದೇ ಒಂದು ಗ್ರಂಥ ಇನ್ನೂ ಬರಬೇಕಾಗಿದೆ.

ಭಾಲ್ಕಿ, ಔರಾದ

ಗುಡ್ಡ ಇಳಿದರೆ ಬಣ್ಣವೇ ಬೇರೆ. ಮಾಂಜರಾ ನದಿಯ ಬಯಲು, ಕರಿಯ ಎರೆಮಣ್ಣು. ಗೋದಾವರಿಗೆ ಸೇರುವ ನೀರಿನಲ್ಲಿ ಕರ್ನಾಟಕದ ಪಾಲು ಬಹುಮಟ್ಟಿಗೆ ಈ ಒಂದು ಜಿಲ್ಲೆಯದೇ. ಪಟ್ಟಣದಿಂದ ಸುಮಾರು ೪೦ ಕಿಲೋಮೀಟರ್ ದೂರದ ಭಾಲ್ಕಿಯಲ್ಲಿ ಭಾಲ್ಕೇಶ್ವರನ ಗುಡಿಯಿದೆ. ಊರಿನ ಹೆಸರೇ ಈ ದೇವರಿಂದ ಬಂದುದೆಂದು ಜನ ಹೇಳುತ್ತಾರೆ. ಆದರೆ ಕನ್ನಡಿಗನಾದವನು ಭಾಲ್ಕಿಯಲ್ಲಿ ನೋಡತಕ್ಕ ಇನ್ನೊಂದು ಸ್ಥಳ ಹಿರೇಮಠ. ನಿಜಾಮನ ಆಳ್ವಿಕೆಯಲ್ಲಿ ಕಚೇರಿಯೂ ಶಾಲೆಯೂ ಉರ್ದುವಿನಲ್ಲಿ ನಡೆಯುತ್ತಿದ್ದ ಕಾಲದಲ್ಲಿ ಈ ಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಹಲಗೆ ತೂಗಹಾಕಿ ಒಳಗೆ ಕನ್ನಡ ಕಲಿಸಿದರು. ಇದು ಈ ಜಿಲ್ಲೆಯ ಮಕ್ಕಳಿಗೆಲ್ಲ ಗೊತ್ತಿರುವ ಕಥೆ. ಔರಾದ ಸೀಮೆಯ ಕಮಲನಗರದಲ್ಲಿ ಹುಟ್ಟಿದ ಅವರು ನೂರು ದಾಟಿ ಬದುಕಿ ೧೯೯೯ರಲ್ಲಿ ಲಿಂಗೈಕ್ಯರಾದರು. ೧೯೪೮ರ ಸೆಪ್ಟೆಂಬರಿನಲ್ಲಿ ನಿಜಾಮನ ಆಳ್ವಿಕೆ ಮುಗಿಯಿತು. ೧೯೫೬ರ ನವೆಂಬರ್ ೧ರಂದು ಹಳೆಯ ಬೀದರ ಜಿಲ್ಲೆ ಮೂರು ಪಾಲಾಯಿತು. ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿಗೆ ಹೋದವು. ಜಹೀರಾಬಾದ, ನಾರಾಯಣಖೇಡಗಳು ಆಂಧ್ರಕ್ಕೆ ಹೋದವು. ಬೀದರ, ಭಾಲ್ಕಿ, ಔರಾದ, ಹುಮನಾಬಾದಗಳು ನಮ್ಮ ರಾಜ್ಯಕ್ಕೆ ಬಂದವು. ಆ ಹೊತ್ತಿಗೆ ಇಲ್ಲಿ ಕನ್ನಡ ಓದಬಲ್ಲ ಒಂದು ತಲೆಮಾರು ಸಿದ್ಧವಾಗಿದ್ದರೆ ಅದರ ಹಿಂದೆ ಇಂಥ ಮಠದ ಪಡಸಾಲೆಗಳಿದ್ದವು. ನೀರಿನಂತೆ ಭಾಷೆಯೂ ಕೆಲವು ಕಾಲ ನೆಲದೊಳಗೆ ಹರಿಯಬೇಕಾಗುತ್ತದೆ.

ನದಿಯ ಆಚೆಗೆ ಔರಾದ. ಅಲ್ಲಿಯ ಅಮರೇಶ್ವರನನ್ನು ಉದ್ಭವಲಿಂಗವೆಂದು ಪೂಜಿಸುತ್ತಾರೆ. ಶಿವರಾತ್ರಿಯ ಸುಮಾರಿಗೆ ಜಾತ್ರೆ, ಜಾತ್ರೆಯಲ್ಲಿ ದನಗಳ ನೆರವಿ. ಈ ಭಾಗದ ದನ ದೇವಣಿ ತಳಿಯದು. ಮೈಯೆಲ್ಲ ಬಿಳಿದಾದರೆ ಬಾಲಂಕ್ಯಾ, ಬಿಳಿಯ ಮೈಗೆ ಕಪ್ಪು ಮುಖವಿದ್ದರೆ ವಾನೇರಾ, ಕಪ್ಪು ಮಚ್ಚೆಗಳಿದ್ದರೆ ಶೇವೇರಾ ಎಂದು ರೈತರು ಮೂರು ಬಗೆ ಮಾಡುತ್ತಾರೆ. ದೇವಣಿ ಎಂಬ ಊರು ಇರುವುದು ಹಿಂದೆ ಬೀದರ ಜಿಲ್ಲೆಗೆ ಸೇರಿದ್ದ ಉದಗೀರದ ಸೀಮೆಯಲ್ಲಿ, ಅಂದರೆ ಈಗ ಮಹಾರಾಷ್ಟ್ರದಲ್ಲಿ. ೧೯೫೬ರಲ್ಲಿ ಭೂಪಟದ ಮೇಲೆ ಗೆರೆ ಬಿದ್ದಿತಾದರೂ ಎತ್ತಿನ ಕೊರಳ ಗಂಟೆಗೆ ಅದು ತಿಳಿಯದು. ಗೆರೆಯ ಎರಡೂ ಕಡೆಯ ರೈತರು ಒಂದೇ ತಳಿಯನ್ನು ಸಾಕುತ್ತಾರೆ, ಒಂದೇ ಹಬ್ಬಕ್ಕೆ ಅದರ ಕೋಡಿಗೆ ಬಣ್ಣ ಹಚ್ಚುತ್ತಾರೆ.

ಉಳಿಯಬೇಕಾದದ್ದು

ಈ ಕ್ಷೇತ್ರಗಳ ಭವಿಷ್ಯವನ್ನು ಯೋಚಿಸಿದಾಗ ಮನಸ್ಸಿಗೆ ಕಳವಳವಾಗುತ್ತದೆ. ೨೦೧೬ರ ಬೇಸಗೆಯಲ್ಲಿ ಇದೇ ಮಾಂಜರಾ ಕಣಿವೆಯ ಲಾತೂರಿಗೆ ಮೀರಜಿನಿಂದ ರೈಲಿನಲ್ಲಿ ಕುಡಿಯುವ ನೀರು ಹೊತ್ತು ತಂದರು. ಬರವೆಂಬುದು ನಮ್ಮ ನೆರೆಮನೆಯವರೆಗೆ ಬಂದು ನಿಂತಿತ್ತು. ಝರಣಿಯ ನೀರಿಗೆ ಮೂಲವಾದದ್ದು ಗುಡ್ಡದ ತಲೆಯ ಮೇಲೆ ಬೀಳುವ ಮಳೆ. ಆ ತಲೆಯ ಮೇಲೆ ಮನೆ, ರಸ್ತೆ, ಅಂಗಳದ ಸಿಮೆಂಟು ಹಬ್ಬಿದಷ್ಟೂ ಕೆಂಗಲ್ಲಿನ ಬಾಯಿ ಮುಚ್ಚುತ್ತದೆ. ಕೊಳವೆ ಬಾವಿಗಳು ಕೆಳಕ್ಕೆ ಇಳಿದಷ್ಟೂ ಚಿಲುಮೆಗೆ ಬರಬೇಕಾದ ನೀರು ಕಡಮೆಯಾಗುತ್ತದೆ. ಗರ್ಭಗುಡಿಗೆ ಕಲ್ಲು ಹಾಸಿ, ಹೆಬ್ಬಾಗಿಲಿ ಕಟ್ಟಿ, ದೀಪ ಹಾಕಿಸಿದ ಮಾತ್ರಕ್ಕೆ ಈ ದೇವಾಲಯದ ಜೀರ್ಣೋದ್ಧಾರವಾಗದು. ಈ ದೇವಾಲಯದ ಗೋಪುರವಿರುವುದು ಗುಡ್ಡದ ಮೇಲಿನ ಬಯಲಿನಲ್ಲಿ. ಅಲ್ಲಿ ಮಳೆ ಇಂಗುವುದಕ್ಕೆ ಒಂದಿಷ್ಟು ಬರಿನೆಲವನ್ನು ಬಿಟ್ಟರೆ ಅದೇ ದೊಡ್ಡ ಸೇವೆ. ಹಾಗೆ ಬಿಟ್ಟ ನೆಲದಿಂದ ನರಸಿಂಹನ ಗುಹೆಗೂ ಗುರುದ್ವಾರದ ಅಮೃತಕುಂಡಕ್ಕೂ ಪಾಪನಾಶದ ಕೊಳಕ್ಕೂ ಸುಲ್ತಾನರ ಕಾಲುವೆಗೂ ಏಕಕಾಲದಲ್ಲಿ ನೀರು ಸಲ್ಲುತ್ತದೆ. ಇಂಥ ಪುಣ್ಯ ಬೇರೆ ಯಾವ ಕ್ಷೇತ್ರದ ದಾನಿಗೆ ದೊರೆಯುತ್ತದೆ?

ಇನ್ನೊಂದು ಕೆಲಸ ನಮ್ಮಂಥ ಪಾಠ ಹೇಳುವವರದು. ಜಿಲ್ಲೆಯ ಪ್ರತಿಯೊಂದು ಊರಿನಲ್ಲಿಯೂ ಬಾವಿಗೆ, ಝರಿಗೆ, ತೀರ್ಥಕ್ಕೆ ಹೆಸರಿದೆ, ಹೆಸರಿಗೊಂದು ಕಥೆಯಿದೆ. ಅದನ್ನು ಬಲ್ಲ ಮುದುಕ ಮುದುಕಿಯರು ವರ್ಷ ವರ್ಷಕ್ಕೆ ಕಡಮೆಯಾಗುತ್ತಿದ್ದಾರೆ. ಪ್ರತಿಯೊಂದು ಕಾಲೇಜಿನ ವಿದ್ಯಾರ್ಥಿಗಳು ರಜೆಯಲ್ಲಿ ತಮ್ಮ ಊರಿನ ನೀರಿನ ಹೆಸರುಗಳನ್ನಷ್ಟೇ ಬರೆದು ತಂದರೂ ಸಾಕು, ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ಕೂಡಿದ ಒಂದು ಅಪೂರ್ವ ನಿಘಂಟಾಗುತ್ತದೆ. ಹೇಳಿದವರು ಹೇಳಿದ ಭಾಷೆಯಲ್ಲಿಯೇ ಅದನ್ನು ಬರೆದುಕೊಳ್ಳಬೇಕು, ತಿದ್ದಬಾರದು. ನನ್ನ ತರಗತಿಯ ಹತ್ತು ಹುಡುಗ ಹುಡುಗಿಯರು ಈ ಕೆಲಸವನ್ನು ಆರಂಭಿಸಿದ್ದಾರೆ. ಮೊದಲನೆಯ ಪುಟದಲ್ಲಿ ಈಗ ಇಪ್ಪತ್ತಾರು ಬಾವಿಗಳಿವೆ. ಅವುಗಳಲ್ಲಿ ನೀರಿರುವುದು ಹದಿನೇಳರಲ್ಲಿ.